ರೆಡ್ ವೈನ್: ಮೈಸೂರು, ಮಂಡ್ಯದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಾಲ್ಕು ಜನ ಸೇರಿದ ಕಡೆ ವೈನ್ ಮಾತು ಬಂತೆಂದರೆ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಮಂಡ್ಯದ ನೆಂಟರು ಫೋನಿನಲ್ಲಿ ಕೇಳಿದವು, ಕೆಲವು ಪತ್ರದಲ್ಲಿ ಬಂದವು. ಒಂದೆರಡನ್ನು ಮದುವೆ ಮನೆಯಲ್ಲಿ ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳಿದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕುಡಿಯದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ. ಕುಡಿಯುವವರಿಗೆ ನನ್ನ ವಾದ ಒಂದೇ: ಪುಸ್ತಕದ ನಿಯಮಕ್ಕಿಂತ ನಮ್ಮ ಹವೆ, ನಮ್ಮ ಊಟ ನೋಡಿಕೊಂಡು ಕುಡಿಯಿರಿ.

## ಶುರು ಮಾಡುವ ಮುಂಚೆ

ನಾನು ಕುಡಿದಿರೋದು ಪೋರ್ಟ್ ವೈನ್ ಮಾತ್ರ, ಸಿಹಿಯಾಗಿತ್ತು. ರೆಡ್ ವೈನ್ ಅಂದ್ರೆ ಅದೇ ಅಲ್ವಾ?

ಅಲ್ಲ. ಪೋರ್ಟ್ ಮೂಲದಲ್ಲಿ ಪೋರ್ಚುಗಲ್‌ನ ಡೋರು ಕಣಿವೆಯದು. ದ್ರಾಕ್ಷಿ ರಸ ಹುದುಗುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಸ್ಪಿರಿಟ್ ಸುರಿಯುತ್ತಾರೆ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಯೀಸ್ಟ್ ಅಲ್ಲಿಗೇ ಸಾಯುತ್ತದೆ, ತಿನ್ನದೆ ಬಿಟ್ಟ ಸಕ್ಕರೆ ವೈನಿನಲ್ಲೇ ಉಳಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಪೋರ್ಟ್ ಹೆಸರಿನಲ್ಲಿ ಸಿಗುವ ಕಡಿಮೆ ಬೆಲೆಯ ಸಿಹಿ ವೈನ್ ಬೇರೆಯೇ ಸಂಗತಿ. ಅದಕ್ಕೆ ಬೆಂಗಳೂರು ನೀಲಿ ದ್ರಾಕ್ಷಿ ಬಳಸುವುದು ಜಾಸ್ತಿ.

ಸಾಮಾನ್ಯ ರೆಡ್ ವೈನಿನಲ್ಲಿ ಯೀಸ್ಟ್ ಸಕ್ಕರೆಯನ್ನು ಬಹುಪಾಲು ತಿಂದು ಮುಗಿಸಿರುತ್ತದೆ. ಇದಕ್ಕೇ ‘ಡ್ರೈ’ ಅನ್ನುವುದು. ಪೋರ್ಟ್ ರುಚಿ ನೆನಪಿಟ್ಟುಕೊಂಡು ಡ್ರೈ ವೈನಿನ ಮೊದಲ ಗುಟುಕು ಕುಡಿದರೆ ಮುಖ ಹುಳ್ಳಗಾಗುವುದು ಖಂಡಿತ. ಅರ್ಧ ಗ್ಲಾಸ್ ಊಟದ ಜೊತೆ ಕುಡಿದು ನೋಡಿ, ಆಮೇಲೆ ತೀರ್ಮಾನ ಮಾಡಿ.

ಬಾಯೆಲ್ಲ ಒಗರು ಒಗರು. ವೈನ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಆ ಒಗರು ಟ್ಯಾನಿನ್‌ನದು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುತ್ತದೆ. ಎಳೆ ಅಡಿಕೆ ಅಗಿದಾಗ ಒಸಡು ಬಿಗಿದ ಹಾಗೆ ಆಗುತ್ತದಲ್ಲ, ಹಾಗೇ ಇದೂ. ಟ್ಯಾನಿನ್ ನಮ್ಮ ಎಂಜಲಿನ ಪ್ರೊಟೀನ್‌ಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಕ್ಯಾಬರ್ನೆ ಸೊವಿನ್ಯೊ ದ್ರಾಕ್ಷಿಯಲ್ಲಿ ಇದು ಜಾಸ್ತಿ, ಮೆರ್ಲೊದಲ್ಲಿ ಮೆದು.

ನಿಜವಾಗಿ ಕೆಟ್ಟ ವೈನನ್ನು ಮೂಗೇ ಹೇಳುತ್ತದೆ. ವಿನಿಗರ್ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಮಳೆಯಲ್ಲಿ ನೆಂದ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಕುದಿಸಿದ ಜಾಮಿನ ವಾಸನೆ ಬಂದು ಬಣ್ಣ ಕಂದಾಗಿದ್ದರೆ ಬಾಟಲಿ ಎಲ್ಲೋ ಬಿಸಿಲು ತಿಂದಿದೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಈ ಮೂರನೆಯದು.

ಕಪ್ಪು ದ್ರಾಕ್ಷಿ ರಸ ಕೆಂಪಗಿರುತ್ತೆ, ಅದಕ್ಕೇ ರೆಡ್ ವೈನ್ ಕೆಂಪು. ಸರೀನಾ?

ಅರ್ಧ ಸರಿ. ಒಂದು ಕಪ್ಪು ದ್ರಾಕ್ಷಿಯನ್ನು ಕಚ್ಚಿ ಒಳಗೆ ನೋಡಿ. ತಿರುಳಿಗೆ ಬಣ್ಣವೇ ಇಲ್ಲ. ಬಣ್ಣ ಇರುವುದು ಸಿಪ್ಪೆಯಲ್ಲಿ. ರಸವನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಟ್ಟರೆ ಕೆಂಪು ವೈನ್, ಮೊದಲೇ ಸಿಪ್ಪೆ ತೆಗೆದರೆ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್. ದೇವರಾಜ ಮಾರ್ಕೆಟ್ಟಿನಲ್ಲಿ ತಿನ್ನಲು ತರುವ ದ್ರಾಕ್ಷಿಗೂ ವೈನ್ ದ್ರಾಕ್ಷಿಗೂ ವ್ಯತ್ಯಾಸ ಇದೆ. ವೈನ್ ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ, ಬೀಜ ಇರುತ್ತದೆ, ಸಿಹಿಯೂ ಜಾಸ್ತಿ.

ಬಿಯರ್ ಥರಾನೇ ಲೈಟ್ ತಾನೆ ಇದು?

ಅಲ್ಲ ಸ್ವಾಮಿ. ರೆಡ್ ವೈನಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 12ರಿಂದ 14.5. ಶೇ. 13 ಇರುವ 750 ಮಿ.ಲೀ. ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 97 ಮಿ.ಲೀ. ಶೇ. 42.8ರ ವಿಸ್ಕಿಯ 60 ಮಿ.ಲೀ. ಲಾರ್ಜ್‌ನಲ್ಲಿ ಸುಮಾರು 26. ಅಂದರೆ ಒಬ್ಬರೇ ಒಂದು ಬಾಟಲಿ ಖಾಲಿ ಮಾಡಿದರೆ ನಾಲ್ಕು ಲಾರ್ಜ್ ಹಾಕಿದ ಲೆಕ್ಕ. ಒಂದು ಬಾಟಲಿ ಐದು ಗ್ಲಾಸಿಗೆ, ತಲಾ 150 ಮಿ.ಲೀ.

ರೆಡ್ ವೈನ್ ಹಾರ್ಟಿಗೆ ಒಳ್ಳೇದಂತೆ. ದಿನಾ ಒಂದು ಗ್ಲಾಸ್ ಶುರು ಮಾಡ್ಲಾ?

ಬೇಡ. ಈ ಮಾತು ಜೋರಾಗಿ ಹಬ್ಬಿದ್ದು 1991ರಲ್ಲಿ. ಫ್ರೆಂಚರು ಅಷ್ಟು ಬೆಣ್ಣೆ, ಚೀಸ್ ತಿಂದರೂ ಹೃದ್ರೋಗ ಕಡಿಮೆ, ಅದಕ್ಕೆ ರೆಡ್ ವೈನ್ ಕಾರಣ ಇರಬಹುದು ಎಂದು ಅಮೆರಿಕದ ಒಂದು ಟಿವಿ ಕಾರ್ಯಕ್ರಮ ಹೇಳಿತು. ಮಾರಾಟ ಏರಿತು. ಆಮೇಲಿನ ಅಧ್ಯಯನಗಳಲ್ಲಿ ಚಿತ್ರ ಅಷ್ಟು ಸರಳವಾಗಿ ಉಳಿಯಲಿಲ್ಲ. ಹಿತಮಿತವಾಗಿ ಕುಡಿಯುವವರು ಹಣ, ಊಟ, ವ್ಯಾಯಾಮದಲ್ಲೂ ಬೇರೆಯವರಿಗಿಂತ ಅನುಕೂಲವಾಗಿರುವುದು ಹೆಚ್ಚು. ಎಲ್ಲರೂ ಹೇಳುವ, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಅನ್ನುವ ವಸ್ತು ವೈನಿನಲ್ಲಿ ಇರುವುದು ತೀರಾ ಅಲ್ಪ. ಆಲ್ಕೋಹಾಲ್ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ಎಷ್ಟು ಕುಡಿದರೂ ಪೂರ್ತಿ ಸುರಕ್ಷಿತ ಅನ್ನುವಂತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಆದ್ದರಿಂದ ಔಷಧಿ ಅಂತ ಕುಡಿಯಬೇಡಿ. ರುಚಿಗಾಗಿ ಯಾವಾಗಲೋ ಒಮ್ಮೆ ಕುಡಿಯುವುದು ಬೇರೆ ಮಾತು. ಗರ್ಭಿಣಿಯರಿಗೆ ಬೇಡವೇ ಬೇಡ. ಲಿವರ್ ತೊಂದರೆ ಇದ್ದವರು, ಶುಗರ್ ಮಾತ್ರೆ ಅಥವಾ ಮೆಟ್ರೊನಿಡಜೋಲ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲು ಡಾಕ್ಟರ ಹತ್ತಿರ ಮಾತಾಡಿ.

## ಮನೆಯಲ್ಲಿ

ಮೊದಲನೇ ಬಾಟಲಿ ಯಾವುದು ತಗೊಳ್ಳಲಿ? ಹೆಸರು ನೋಡಿದ್ರೇ ತಲೆ ಸುತ್ತುತ್ತೆ.

ದುಬಾರಿ ಫ್ರೆಂಚ್ ಬಾಟಲಿಯಿಂದ ಶುರು ಮಾಡಬೇಡಿ. ನಮ್ಮಲ್ಲೇ ಮಾಡಿದ ಶಿರಾಜ್ (ಇದೂ ಒಂದು ಕಪ್ಪು ದ್ರಾಕ್ಷಿ ತಳಿ), ಇಲ್ಲವೇ ಕ್ಯಾಬರ್ನೆ–ಶಿರಾಜ್ ಬೆರಕೆ ಸಾಕು. ಗ್ರೋವರ್, ಸುಲಾ, ಫ್ರಾಟೆಲ್ಲಿ, ಯಾವುದಾದರೂ ಆಗುತ್ತದೆ. ಬ್ರ್ಯಾಂಡಿಗಿಂತ ಮುಖ್ಯ ಅದನ್ನು ಇಟ್ಟಿರುವ ರೀತಿ. ‘ವೈನ್ ಸ್ಟೋರ್’ ಅಂತ ಬೋರ್ಡ್ ಇದ್ದರೂ ಒಳಗೆ ವೈನಿಗೆ ಸಿಕ್ಕಿರುವುದು ಒಂದು ಮೂಲೆ. ಆ ಮೂಲೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆಯೇ, ಬಾಟಲಿ ಮೇಲೆ ಎಷ್ಟು ಧೂಳಿದೆ, ಕಾರ್ಕಿನ ಹತ್ತಿರ ವೈನ್ ಜಿನುಗಿದ ಕಲೆ ಇದೆಯೇ ನೋಡಿ. ಶೋಕೇಸಿನದು ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಅಂತ ಕೇಳುವುದರಲ್ಲಿ ಸಂಕೋಚ ಏನಿಲ್ಲ. ಲೇಬಲ್ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಸಾಧಾರಣ ಬೆಲೆಯ ಭಾರತೀಯ ರೆಡ್ ಆದರೆ ಈಚಿನ ಎರಡು ಮೂರು ವರ್ಷದ್ದೇ ಆರಿಸಿ.

ರೂಂ ಟೆಂಪರೇಚರಲ್ಲೇ ಕುಡೀಬೇಕು ಅಂತಾರೆ. ಫ್ರಿಜ್‌ಗೆ ಇಟ್ರೆ ತಪ್ಪಾ?

ಇಡದಿದ್ದರೇ ತಪ್ಪು. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಆ ನಿಯಮ ಹುಟ್ಟಿದ್ದು ಯುರೋಪಿನ ಚಳಿಯ ಕಲ್ಲಿನ ಮನೆಗಳಲ್ಲಿ. ಅಲ್ಲಿ ರೂಂ ಅಂದರೆ 16–18 ಡಿಗ್ರಿ. ಏಪ್ರಿಲ್‌ನಲ್ಲಿ ಮಂಡ್ಯದ ಆರ್‌ಸಿಸಿ ಮನೆಯ ಹಾಲ್ ರಾತ್ರಿ ಊಟದ ಹೊತ್ತಿಗೂ 30 ಡಿಗ್ರಿ ಮುಟ್ಟಿರುತ್ತದೆ. ಅಷ್ಟು ಬಿಸಿಯಲ್ಲಿ ಗ್ಲಾಸಿಗೆ ಸುರಿದರೆ ಮೊದಲು ಮೂಗಿಗೆ ಹೊಡೆಯುವುದು ಸ್ಪಿರಿಟ್ಟು. ಹಣ್ಣಿನ ಪರಿಮಳ ಅದರ ಹಿಂದೆ ಮುಚ್ಚಿಹೋಗುತ್ತದೆ. “ರೆಡ್ ವೈನ್ ನಮಗೆ ಆಗಲ್ಲ” ಅನ್ನುವವರಲ್ಲಿ ಬಹಳ ಜನ ಕುಡಿದಿರುವುದು ಬಿಸಿ ವೈನನ್ನು.

ಬೇಸಿಗೆಯಲ್ಲಿ ಬಾಟಲಿಯನ್ನು ಫ್ರಿಜ್ಜಿನಲ್ಲಿ 40 ನಿಮಿಷದಿಂದ ಒಂದು ಗಂಟೆ ಇಡಿ. ಮುಟ್ಟಿದರೆ ತಣ್ಣಗೆ ಅನ್ನಿಸಬೇಕು, ಕೊರೆಯಬಾರದು. ಬೆಳಗ್ಗೆಯಿಂದ ಫ್ರಿಜ್ಜಿನಲ್ಲೇ ಇದ್ದದ್ದಾದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ಒಗರು ಮಾತ್ರ ಎದ್ದು ಕಾಣುತ್ತದೆ. ಅವಸರ ಇದ್ದರೆ ಬಕೆಟ್ಟಿಗೆ ಐಸು, ನೀರು ಎರಡೂ ಹಾಕಿ ಬಾಟಲಿ ಇಳಿಸಿ. ಹತ್ತು ಹದಿನೈದು ನಿಮಿಷ ಸಾಕು. ಬರೀ ಐಸಿಗಿಂತ ನೀರು ಬೆರೆಸಿದ ಐಸು ಬೇಗ ತಣ್ಣಗೆ ಮಾಡುತ್ತದೆ, ನೀರು ಬಾಟಲಿಗೆ ಸುತ್ತಲೂ ತಾಗುತ್ತದಲ್ಲ. ಫ್ರೀಜರಿನಲ್ಲಿಟ್ಟು ಮರೆತರೆ ಬಿರಡೆ ಹಾರುತ್ತದೆ, ಇಲ್ಲ ಬಾಟಲಿ ಸೀಳುತ್ತದೆ. ಡಿಸೆಂಬರ್, ಜನವರಿಯ ಮೈಸೂರಿನ ರಾತ್ರಿಗಳಲ್ಲಿ ಮಾತ್ರ ಈ ಉಸಾಬರಿ ಅಷ್ಟಾಗಿ ಬೇಡ.

ಕಾರ್ಕ್ ತೆಗೆಯೋದು ಮನೇಲಿಲ್ಲ. ಯಾರೋ ಬಾಟಲಿ ಗಿಫ್ಟ್ ಕೊಟ್ಟಿದ್ದಾರೆ.

ಬೂಟಿನೊಳಗೆ ಬಾಟಲಿ ಇಟ್ಟು ಗೋಡೆಗೆ ಹೊಡೆಯುವ ವಿಡಿಯೋ ನೋಡಿ ಪ್ರಯೋಗ ಮಾಡಬೇಡಿ. ಒಂದು ಕಾರ್ಕ್‌ಸ್ಕ್ರೂ ತಂದಿಡಿ, ಚಾಕುವಿನ ಹಾಗೆ ಮಡಚುವಂಥದ್ದು. ಬಿರಡೆ ಅರ್ಧಕ್ಕೆ ಮುರಿದರೆ ಉಳಿದದ್ದನ್ನು ಒಳಕ್ಕೆ ತಳ್ಳಿ, ಟೀ ಸೋಸುವ ಜಾಲರಿಯಲ್ಲಿ ಸೋಸಿಕೊಳ್ಳಿ. ವೈನಿಗೆ ಏನೂ ಆಗುವುದಿಲ್ಲ. ನೀವೇ ಕೊಳ್ಳುವಾಗ ಸ್ಕ್ರೂ ಕ್ಯಾಪ್ ಇರುವುದನ್ನು ಕೊಳ್ಳಿ. ಅದು ಅಗ್ಗದ ಗುರುತು ಅನ್ನುವುದು ಸುಳ್ಳು.

ಸ್ಟೀಲ್ ಲೋಟ ಆಗಲ್ವಾ?

ಆಗುತ್ತದೆ. ಆದರೆ ಬಣ್ಣ ಕಾಣುವುದಿಲ್ಲ, ಪರಿಮಳ ನಿಲ್ಲುವುದಿಲ್ಲ. ಕೆಳಗೆ ಅಗಲ, ಮೇಲೆ ಕಿರಿದಾದ ಸಾದಾ ಗಾಜಿನ ಗ್ಲಾಸ್ ಸಾಕು. ಮೂರರಲ್ಲಿ ಒಂದು ಭಾಗ ಮಾತ್ರ ತುಂಬಿಸಿ. ಕಂಠಮಟ್ಟ ಸುರಿದು ಕೊಡುವುದು ನಮ್ಮ ಕಡೆಯ ಉಪಚಾರ, ವೈನಿಗೆ ಅದು ನಡೆಯುವುದಿಲ್ಲ.

ಅರ್ಧ ಬಾಟಲಿ ಉಳೀತು. ಎಸೆಯೋಕೆ ಮನಸ್ಸಿಲ್ಲ.

ಮುಚ್ಚಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ. ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ವೈನನ್ನು ಕೆಡಿಸುವುದು ಗಾಳಿ. ಹಾಗಾಗಿ ತೊಳೆದು ಒಣಗಿಸಿದ ಚಿಕ್ಕ ಬಾಟಲಿಗೆ ಕಂಠದವರೆಗೆ ತುಂಬಿಸಿಟ್ಟರೆ ಇನ್ನೂ ಒಳ್ಳೆಯದು. ವಾರ ಕಳೆದಿದ್ದರೆ ಮಟನ್ ಬೇಯಿಸುವಾಗ ಒಂದು ಸೌಟು ಹಾಕಿ, ಈರುಳ್ಳಿ ಬಾಡಿದ ಮೇಲೆ ಹಾಕಿ ಚೆನ್ನಾಗಿ ಕುದಿಸಿ. ಬಾಟಲಿ ತೆರೆದ ಮೇಲೆ ಮುಗಿಸಲೇಬೇಕು ಅನ್ನುವ ಹಠ ಬೇಡ.

ಹಳೇದಾದಷ್ಟೂ ಒಳ್ಳೇದಂತೆ. ಮಗಳ ಮದುವೆಗೆ ಅಂತ ಒಂದು ಬಾಟಲಿ ಅಟ್ಟದ ಮೇಲೆ ಎತ್ತಿಟ್ಟಿದ್ದೀನಿ.

ಇದನ್ನು ಕೇಳಿದವರ ಮಗಳು ಐದನೇ ಕ್ಲಾಸು! ದಯವಿಟ್ಟು ಈ ವಾರವೇ ಇಳಿಸಿ. ಜಗತ್ತಿನಲ್ಲಿ ಮಾಡುವ ವೈನಿನಲ್ಲಿ ಬಹುಪಾಲು ಕೆಲವೇ ವರ್ಷದಲ್ಲಿ ಕುಡಿಯಲಿಕ್ಕೆಂದೇ ಮಾಡಿದ್ದು. ಹತ್ತಿಪ್ಪತ್ತು ವರ್ಷ ಹಿಡಿದು ಚೆನ್ನಾಗುವಂಥವು ಬಹಳ ಕಡಿಮೆ. ಅವಕ್ಕೂ 12–15 ಡಿಗ್ರಿಯ ಕತ್ತಲೆ ಕೋಣೆ ಬೇಕು. ಅಟ್ಟ ಅಂದರೆ ಮನೆಯಲ್ಲೇ ಅತಿ ಬಿಸಿಯಾದ ಜಾಗ.

ಕೆಲವು ತಿಂಗಳು ಇಡುವುದಾದರೆ ಒಳಕೋಣೆಯ ಮಂಚದ ಕೆಳಗೆ, ಬೀರುವಿನ ತಳದಲ್ಲಿ, ಬಿಸಿಲು ತಾಗದ ಕಡೆ ಇಡಿ. ಕಾರ್ಕ್ ಇದ್ದರೆ ಮಲಗಿಸಿ, ಬಿರಡೆ ಒಣಗಿ ಕುಗ್ಗಬಾರದು. ಸ್ಕ್ರೂ ಕ್ಯಾಪಿಗೆ ನಿಲ್ಲಿಸಿದರೂ ಸರಿ. ಫ್ರಿಜ್ಜಿನ ತಲೆಯ ಮೇಲೆ ಬೇಡ, ಅಲ್ಲಿ ಬಿಸಿಯೂ ಇದೆ, ನಡುಗುವುದೂ ಇದೆ. ಮದುವೆಗೆ ಹೊಸದು ಕೊಂಡರಾಯಿತು.

## ಊಟದ ಜೊತೆ

ನಾಟಿ ಕೋಳಿ ಸಾರು, ಮುದ್ದೆಗೆ ರೆಡ್ ವೈನ್ ಹೊಂದುತ್ತಾ?

ಹೊಂದಿಸಬಹುದು, ಆದರೆ ಯಾವ ವೈನ್, ಯಾವ ಹೊತ್ತಿಗೆ ಅನ್ನುವುದು ಮುಖ್ಯ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ. ಅದರ ಮೇಲೆ ಟ್ಯಾನಿನ್ ಒಗರು ಬಂದು ಕೂತರೆ ನಾಲಿಗೆ ಕೆರೆದ ಹಾಗೆ ಆಗುತ್ತದೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಗಡುಸು ಕ್ಯಾಬರ್ನೆಯನ್ನು ಖಾರದ ಸಾರಿನ ಜೊತೆ ಕುಡಿದರೆ ಸಾರೂ ಕೆಟ್ಟಿತು, ದುಡ್ಡೂ ದಂಡ. ಮೆರ್ಲೊ, ಇಲ್ಲವೇ ಹಗುರವಾದ ಶಿರಾಜ್ ತೆಗೆದುಕೊಳ್ಳಿ. ಎಂದಿಗಿಂತ ಸ್ವಲ್ಪ ಜಾಸ್ತಿ ತಣ್ಣಗೆ, 14 ಡಿಗ್ರಿಯ ಹತ್ತಿರ ಇರಲಿ.

ಇನ್ನೊಂದು ತೊಡಕು ಮುದ್ದೆಯದು. ಮುದ್ದೆ ನುಂಗುವ ಊಟ, ವೈನ್ ಬಾಯಲ್ಲಿ ಇಟ್ಟುಕೊಂಡು ಕುಡಿಯುವಂಥದ್ದು. ಬಿಸಿ ಸಾರಿನಲ್ಲಿ ಅದ್ದಿದ ತುತ್ತು ಗಂಟಲಲ್ಲಿ ಇಳಿಯುತ್ತಿರುವಾಗ ಮಧ್ಯೆ ಗ್ಲಾಸ್ ಎತ್ತಿದರೆ ಎರಡರ ಲಯವೂ ತಪ್ಪುತ್ತದೆ. ನಮ್ಮ ಮನೆಯ ಕ್ರಮ ಹೀಗೆ: ಮುದ್ದೆ ಬಡಿಸುವ ಮುಂಚೆ ತಟ್ಟೆಗೆ ಒಣ ಐಟಂ ಬರುತ್ತದೆ. ಪೆಪ್ಪರ್ ಫ್ರೈ, ಲಿವರ್ ಫ್ರೈ, ಕೈಮ ಉಂಡೆ, ಏನಾದರೂ. ವೈನ್ ಅದರ ಜೊತೆ. ಮುದ್ದೆ ಬಂದಾಗ ಗ್ಲಾಸ್ ಪಕ್ಕಕ್ಕೆ, ನೀರಿನ ಲೋಟ ಹತ್ತಿರಕ್ಕೆ.

ರೆಡ್ ವೈನಿಗೆ ನಮ್ಮ ಸೀಮೆಯ ಅತ್ಯುತ್ತಮ ಜೋಡಿ ಯಾವುದೆಂದರೆ ನಾನು ಬನ್ನೂರು ಕುರಿಯ ಚಾಪ್ಸ್ ಅನ್ನುತ್ತೇನೆ. ಆ ಮಾಂಸ ಮೆದು, ಕೊಬ್ಬು ಚೆನ್ನಾಗಿರುತ್ತದೆ. ಟ್ಯಾನಿನ್ ಎಂಜಲಿನ ಬದಲು ಮಾಂಸದ ಪ್ರೊಟೀನ್‌ಗೆ ಅಂಟಿಕೊಳ್ಳುತ್ತದೆ, ಅದೇ ವೈನ್ ಇದ್ದಕ್ಕಿದ್ದಂತೆ ನಯವಾಗುತ್ತದೆ. ಕಾಳುಮೆಣಸು, ಉಪ್ಪು, ಒಂದಿಷ್ಟು ತುಪ್ಪ. ಹಸಿಮೆಣಸಿನಕಾಯಿ ಕೈ ಬಿಗಿಹಿಡಿದು ಹಾಕಿ.

ನಾವು ಮಾಂಸ ತಿನ್ನಲ್ಲ. ನಮಗೇನಿದೆ?

ಬದನೆಕಾಯಿ ಎಣ್ಣೆಗಾಯಿ. ಈರನಗೆರೆ ಬದನೆ ಸಿಕ್ಕರೆ ಕೇಳುವುದೇ ಬೇಡ. ಅದರಲ್ಲಿರುವ ಕಡಲೆಕಾಯಿ, ಎಳ್ಳು, ಕೊಬ್ಬರಿಯ ಜಿಡ್ಡು ವೈನಿನ ಒಗರನ್ನು ತಡೆಯುತ್ತದೆ. ಹುರಿದ ಅಣಬೆ, ಸುಟ್ಟ ಪನೀರ್ ಕೂಡ ಹೊಂದುತ್ತವೆ. ಮದ್ದೂರು ವಡೆ ಹೊಂದುತ್ತದೆ, ಚಟ್ನಿ ಬಿಟ್ಟು. ಬಸ್ಸಾರು, ಉಪ್ಸಾರು ಹೊಂದುವುದಿಲ್ಲ, ಅವು ಅವುಗಳ ಪಾಡಿಗೆ ಇರಲಿ.

ಪಕ್ಕಾ ಸಸ್ಯಾಹಾರಿಗಳು ಇನ್ನೊಂದು ವಿಷಯ ತಿಳಿದಿರಬೇಕು. ವೈನ್ ತಿಳಿಯಾಗಲು ಕೆಲವು ಕಡೆ ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ. ಆಮೇಲೆ ಅದನ್ನು ತೆಗೆದುಬಿಡುತ್ತಾರೆ, ನಿಜ. ಆದರೂ ಮನಸ್ಸು ಒಪ್ಪದವರಿಗೆ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನಿಂದ ತಿಳಿ ಮಾಡಿದ ವೈನ್‌ಗಳಿವೆ. ಲೇಬಲ್ಲಿನಲ್ಲಿ ‘ವೀಗನ್’ ಅಂತ ಹುಡುಕಿ, ಇಲ್ಲವೇ ವೈನರಿಯಲ್ಲಿ ನೇರವಾಗಿ ಕೇಳಿ.

ಊಟ ಆದ್ಮೇಲೆ ಮೈಸೂರು ಪಾಕ್ ಜೊತೆ?

ಡ್ರೈ ರೆಡ್ ಬೇಡ. ಸಿಹಿ ತಿಂದ ಬಾಯಿಗೆ ಅದು ಹುಳಿ, ಕಹಿ ಅನ್ನಿಸುತ್ತದೆ. ಇಲ್ಲಿ ಬೇಕಾದರೆ ನಿಮ್ಮ ಹಳೆಯ ಪೋರ್ಟ್ ತೆಗೆಯಿರಿ, ಒಂದು ಚಿಕ್ಕ ಗ್ಲಾಸ್.

## ವೈನ್ ಸೀಮೆಗೆ ಹೋಗುವವರಿಗೆ

ಮೈಸೂರಿಂದ ಹತ್ತಿರ ಯಾವುದಿದೆ? ನಾಸಿಕ್‌ಗೇ ಹೋಗಬೇಕಾ?

ಬೇಕಿಲ್ಲ. ಚನ್ನಪಟ್ಟಣ ತಾಲ್ಲೂಕಿನ ತಗಚಗೆರೆಯಲ್ಲೇ ಒಂದು ವೈನರಿ ಇದೆ. ಮೊದಲು ಹೆರಿಟೇಜ್ ವೈನರಿ ಅನ್ನುತ್ತಿದ್ದರು. ಆಮೇಲೆ ಸುಲಾ ಕಂಪನಿ ಕೊಂಡು ಡೊಮೇನ್ ಸುಲಾ ಅಂತ ಮಾಡಿದೆ. ಚನ್ನಪಟ್ಟಣ ಮಂಡ್ಯದಿಂದ ಸುಮಾರು 40, ಮೈಸೂರಿನಿಂದ ಸುಮಾರು 85 ಕಿಲೋಮೀಟರ್. ಹೊಸ ಎಕ್ಸ್‌ಪ್ರೆಸ್‌ವೇ ಊರಿನ ಹೊರಗೇ ಹೋಗುತ್ತದೆ, ಗಮನ ಕೊಡದಿದ್ದರೆ ದಾಟಿಬಿಡುತ್ತೀರಿ. ಹಳೇ ರಸ್ತೆ ಹಿಡಿದರೆ ಮದ್ದೂರಿನಲ್ಲಿ ವಡೆಯೂ ಆಗುತ್ತದೆ.

ಇನ್ನೂ ಮುಂದೆ ಹೋಗುವುದಾದರೆ ನಂದಿ ಬೆಟ್ಟದ ಸೀಮೆ. ದೊಡ್ಡಬಳ್ಳಾಪುರದ ಗ್ರೋವರ್ 1988ರಲ್ಲಿ ಶುರುವಾದದ್ದು, ಕರ್ನಾಟಕದ ವೈನಿಗೆ ಹೆಸರು ತಂದ ತೋಟ. ಅವರ ಲಾ ರಿಸರ್ವ್ ಕ್ಯಾಬರ್ನೆ–ಶಿರಾಜ್ ಬೆರಕೆ. 2012ರಲ್ಲಿ ಇನ್ನೊಂದು ಕಂಪನಿ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ಹಂಪಿಯ ಹತ್ತಿರ ಕೃಷ್ಮಾ ವೈನರಿ ಇದೆ, ಅವರ ಕ್ಯಾಬರ್ನೆ ಹುಡುಕಿಕೊಂಡು ಕುಡಿಯುವಂಥದ್ದು. ನಾಸಿಕ್‌ನಲ್ಲಿ ಸುಲಾ, ಯಾರ್ಕ್, ಸೋಮ ಎಲ್ಲ ಅಕ್ಕಪಕ್ಕದಲ್ಲೇ ಸಿಗುತ್ತವೆ. ಎರಡು ಮೂರು ದಿನ ರಜೆ ಇದ್ದರೆ ಮಾತ್ರ ಅಷ್ಟು ದೂರ.

ಯಾವ ತಿಂಗಳಲ್ಲಿ ಹೋದ್ರೆ ಒಳ್ಳೇದು? ಮಳೆಗಾಲದಲ್ಲಿ ಹೋಗಿ ಬರೀ ಎಲೆ ನೋಡ್ಕೊಂಡು ಬಂದ್ವಿ.

ಫೆಬ್ರವರಿ, ಮಾರ್ಚ್. ಯುರೋಪಿನಲ್ಲಿ ಚಳಿಗೆ ಬಳ್ಳಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ಅದಕ್ಕೆ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಏಪ್ರಿಲ್ ಹೊತ್ತಿಗೆ ಒಮ್ಮೆ ಸವರಿ ಬಳ್ಳಿ ಬೆಳೆಸುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಸವರಿದರೆ ಬರುವ ಚಿಗುರಿನಲ್ಲಿ ಗೊನೆ. ಕೊಯ್ಲು ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ. ಬೇಸಿಗೆ ಶುರುವಿನ ಒಣ ಹಗಲು, ತಂಪು ರಾತ್ರಿ ಹಣ್ಣಿಗೆ ಒಳ್ಳೆಯದು.

ಹೋಗುವ ಮುಂಚೆ ಫೋನ್ ಮಾಡಿ ಟೂರ್ ಹೊತ್ತು ಕೇಳಿ, ಶನಿವಾರ ಭಾನುವಾರ ಜನ ಜಾಸ್ತಿ. ಅಕ್ಟೋಬರ್ 2, ಚುನಾವಣೆಯ ಹಿಂದಿನ ದಿನಗಳು ಡ್ರೈ ಡೇ, ಮದ್ಯ ಮಾರುವಂತಿಲ್ಲ. ಅಂದು ಹೋದರೆ ಟ್ಯಾಂಕ್ ನೋಡಿಕೊಂಡು ಬರಬೇಕಷ್ಟೆ.

ಟೇಸ್ಟಿಂಗಲ್ಲಿ ಎಲ್ಲ ಗ್ಲಾಸ್ ತಿರುಗಿಸಿ ಮೂಸ್ತಾರೆ. ನಾನೂ ಹಾಗೇ ನಾಟಕ ಮಾಡ್ಬೇಕಾ? ಮತ್ತೆ ಉಗಿಯೋದು ಅಸಹ್ಯ ಅಲ್ವಾ?

ನಾಟಕ ಅಲ್ಲ, ಕೆಲಸ ಇದೆ ಅದಕ್ಕೆ. ಗ್ಲಾಸಿನ ಕಾಲು ಹಿಡಿದು ಮೇಜಿನ ಮೇಲೇ ಇಟ್ಟು ಸಣ್ಣಗೆ ತಿರುಗಿಸಿ. ವೈನ್ ಗಾಜಿನ ಒಳಮೈಗೆ ತೆಳ್ಳಗೆ ಹರಡಿ ಇಳಿಯುತ್ತದೆ. ಆಗ ಪರಿಮಳ ಏಳುತ್ತದೆ. ಮೂಗನ್ನು ಗ್ಲಾಸಿನ ಬಾಯೊಳಗೆ ಇಟ್ಟು ಒಂದು ಉಸಿರು. ತಿರುಗಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮೂಸಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಶಿರಾಜ್‌ನಲ್ಲಿ ಕಾಳುಮೆಣಸಿನ ವಾಸನೆ ಹುಡುಕಿ, ನಮ್ಮ ಮೂಗಿಗೆ ಅದು ಬೇಗ ಸಿಗುತ್ತದೆ. ಪುಸ್ತಕದಲ್ಲಿ ಬರೆದಿರುವ ಬ್ಲ್ಯಾಕ್‌ಕರಂಟ್ ಸಿಗದಿದ್ದರೆ ಬಿಡಿ, ನೀವು ಆ ಹಣ್ಣನ್ನು ತಿಂದೇ ಇಲ್ಲ. ನೇರಳೆ ಹಣ್ಣು, ಹುಣಸೆ, ಲವಂಗ, ಒಣದ್ರಾಕ್ಷಿ, ನಿಮಗೆ ತೋಚಿದ್ದು ಹೇಳಿ.

ಗುಟುಕನ್ನು ಬಾಯಲ್ಲಿ ಎಲ್ಲ ಕಡೆ ಆಡಿಸಿ ಉಗಿಯುವುದು ಅಲ್ಲಿಯ ಮರ್ಯಾದೆಯೇ. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ಐದಾರು ಬಗೆ ರುಚಿ ನೋಡಬೇಕಾದಾಗ ಎಲ್ಲ ನುಂಗಿದರೆ ಕೊನೆಯದರ ರುಚಿ ಗೊತ್ತಾಗುವುದಿಲ್ಲ. ಕೊನೆಗೆ ಬರುವುದೇ ಸಾಮಾನ್ಯವಾಗಿ ಒಳ್ಳೆಯ ರೆಡ್.

ಮೈಸೂರಿನವರಿಗೆ ಒಂದು ವಿಶೇಷ ಕೋರಿಕೆ: ಅಂದು ಮುಡಿಗೆ ಮಲ್ಲಿಗೆ ಬೇಡ. ಒಂದು ಮೊಳ ಮೈಸೂರು ಮಲ್ಲಿಗೆ ಇಡೀ ಟೇಬಲ್ಲಿನ ವೈನನ್ನು ಸೋಲಿಸುತ್ತದೆ. ಸೆಂಟೂ ಬೇಡ. ಹೋಗುವ ಅರ್ಧ ಗಂಟೆ ಮುಂಚಿನಿಂದ ಫಿಲ್ಟರ್ ಕಾಫಿ, ಎಲೆ ಅಡಿಕೆ ಎರಡನ್ನೂ ತಡೆದುಕೊಳ್ಳಿ.

ವೈನರಿ ಒಳಗೆ ಬರೀ ಸ್ಟೀಲ್ ಟ್ಯಾಂಕು. ಏನು ಕೇಳಬೇಕು ಗೊತ್ತಾಗ್ಲಿಲ್ಲ.

ರೆಡ್ ಹುದುಗುವ ಟ್ಯಾಂಕ್ ಯಾವುದು ಅಂತ ಕೇಳಿ. ಕೊಯ್ಲಿನ ಕಾಲವಾದರೆ ಮೇಲಿನ ಮುಚ್ಚಳದಿಂದ ಇಣುಕಲು ಬಿಡುತ್ತಾರೋ ನೋಡಿ. ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಪದರ ಕಟ್ಟಿರುತ್ತದೆ. ಕೆಳಗಿನ ರಸವನ್ನು ಪಂಪಿನಲ್ಲಿ ಎತ್ತಿ ಆ ಪದರದ ಮೇಲೆ ಸುರಿಯುತ್ತಾರೆ. ಬಣ್ಣ, ಒಗರು ರಸಕ್ಕೆ ಇಳಿಯುವುದು ಹೀಗೆ. ಎಷ್ಟು ದಿನ ಸಿಪ್ಪೆಯ ಜೊತೆ ಬಿಟ್ಟಿರಿ, ಓಕ್ ಪೀಪಾಯಿಯಲ್ಲಿ ಎಷ್ಟು ತಿಂಗಳು, ಪೀಪಾಯಿ ಹೊಸದೋ ಹಳೆಯದೋ: ಈ ಮೂರು ಪ್ರಶ್ನೆ ಕೇಳಿದರೆ ಗೈಡ್ ನಿಮ್ಮ ಜೊತೆ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಸಾಮಾನ್ಯವಾದ ಪೀಪಾಯಿ 225 ಲೀಟರಿನದು, 300 ಬಾಟಲಿ ವೈನ್. ಅದು ದುಬಾರಿ, ಹೊಸದಾಗಿದ್ದಾಗಷ್ಟೇ ವೆನಿಲ್ಲಾ, ಸುಟ್ಟ ಮರದ ವಾಸನೆ ಚೆನ್ನಾಗಿ ಕೊಡುತ್ತದೆ. ಬೆಲೆ ಯಾಕೆ ಜಾಸ್ತಿ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಟೇಸ್ಟಿಂಗ್ ಅಂದ್ರೆ ಒಂದೊಂದು ಗುಟುಕು. ಗಾಡಿ ಓಡಿಸ್ಕೊಂಡು ಬರಬಹುದಲ್ವಾ?

ಬೇಡ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗುಟುಕುಗಳನ್ನು ಕೂಡಿಸಿದರೆ ಒಂದು ಒಂದೂವರೆ ಗ್ಲಾಸ್ ಆಗಿರುತ್ತದೆ. ಕುಡಿಯದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಇಲ್ಲವೇ ಚನ್ನಪಟ್ಟಣದವರೆಗೆ ರೈಲು, ಅಲ್ಲಿಂದ ಆಟೋ. ವಾಪಸ್ ಬರುವ ಆಟೋವನ್ನು ಮೊದಲೇ ಮಾತಾಡಿಕೊಳ್ಳಿ, ಹಳ್ಳಿ ಕಡೆ ಸಂಜೆ ಮೇಲೆ ಸುಮ್ನೆ ಸಿಗುವುದಿಲ್ಲ.

ಬಾಟಲಿಗಳನ್ನ ಊರಿಗೆ ತರೋದು ಹೇಗೆ?

ಡಿಕ್ಕಿಯಲ್ಲಿ ಬಿಟ್ಟು ಬಿಸಿಲಲ್ಲಿ ಊಟಕ್ಕೆ ಇಳಿಯಬೇಡಿ. ನಿಂತ ಕಾರು ಒಂದು ಗಂಟೆಯಲ್ಲಿ ವೈನನ್ನು ಬೇಯಿಸುತ್ತದೆ. ಸೀಟಿನ ಕೆಳಗೆ, ಎಸಿ ಗಾಳಿ ತಾಗುವ ಕಡೆ, ಟವೆಲ್ ಸುತ್ತಿ ಇಡಿ. ಬಿಲ್ ಜೊತೆಗಿರಲಿ. ಬೇರೆ ರಾಜ್ಯದಿಂದ ತರುವುದಾದರೆ ಎಷ್ಟು ತರಬಹುದು ಅಂತ ಮೊದಲೇ ವಿಚಾರಿಸಿ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಬೇಕು.

## ಇನ್ನೂ ಸ್ವಲ್ಪ ಆಳಕ್ಕೆ

ರೆಡ್ ವೈನ್ ಕುಡಿದ್ರೆ ಮಾತ್ರ ತಲೆನೋವು. ಅದರಲ್ಲಿ ಹಾಕೋ ಕೆಮಿಕಲ್ಲಿಂದಲಾ?

ಎಲ್ಲರೂ ತಪ್ಪನ್ನು ಸಲ್ಫೈಟ್ ಮೇಲೆ, ಅಂದರೆ ವೈನ್ ಕೆಡದಂತೆ ಹಾಕುವ ವಸ್ತುವಿನ ಮೇಲೆ ಹಾಕುತ್ತಾರೆ. ಆದರೆ ಸಾಮಾನ್ಯವಾಗಿ ಬಿಳಿ ವೈನಿನಲ್ಲಿ ರೆಡ್‌ಗಿಂತ ಜಾಸ್ತಿ ಸಲ್ಫೈಟ್ ಇರುತ್ತದೆ. ಹೊಳೆಯುವ ಒಣ ಏಪ್ರಿಕಾಟ್‌ನಲ್ಲಿ ಇನ್ನೂ ಜಾಸ್ತಿ. ಅಸ್ತಮಾ ಇರುವ ಕೆಲವರಿಗೆ ಅದು ತೊಂದರೆ ಕೊಡುವುದು ನಿಜ. ತಲೆನೋವಿಗೆ ವೈನಿನಲ್ಲಿರುವ ಹಿಸ್ಟಮಿನ್ ಅನ್ನುವ ವಸ್ತು ಕಾರಣ ಇರಬಹುದು ಅನ್ನುತ್ತಾರೆ. ದ್ರಾಕ್ಷಿ ಸಿಪ್ಪೆಯ ಕ್ವೆರ್ಸೆಟಿನ್ ಅನ್ನುವ ಇನ್ನೊಂದು ವಸ್ತು ನಮ್ಮ ದೇಹ ಆಲ್ಕೋಹಾಲ್ ಕರಗಿಸುವ ಕೆಲಸಕ್ಕೆ ಅಡ್ಡಿ ಮಾಡಬಹುದು ಎಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2023ರಲ್ಲಿ ಊಹೆ ಮುಂದಿಟ್ಟರು. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ, ಒಂದು ಗ್ಲಾಸ್ ವೈನಿಗೆ ಒಂದು ಲೋಟ ನೀರು ಕುಡಿಯಿರಿ. ಅಷ್ಟಾದರೂ ಪ್ರತಿ ಸಲ ತಲೆ ಸಿಡಿದರೆ ಬಿಟ್ಟುಬಿಡಿ.

ಒಂದು ಗಂಟೆ ಮುಂಚೆ ಬಿರಡೆ ತೆಗೆದಿಟ್ರೆ ವೈನ್ ಉಸಿರಾಡುತ್ತಂತೆ?

ಬಾಟಲಿಯ ಕಂಠದಲ್ಲಿ ಗಾಳಿ ತಾಗುವ ಜಾಗ ಒಂದು ರೂಪಾಯಿ ನಾಣ್ಯದಷ್ಟು. ಹಾಗೆ ಇಟ್ಟರೆ ಏನೂ ಆಗುವುದಿಲ್ಲ. ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದು ಅರ್ಧ ಗಂಟೆ ಬಿಡಿ. ಎಳೆಯ, ಒಗರು ಜಾಸ್ತಿ ಇರುವ ರೆಡ್‌ಗೆ ಇದು ಒಳ್ಳೆಯದು. ತುಂಬ ಹಳೆಯ ವೈನಿಗೆ ಅಷ್ಟು ಗಾಳಿ ತಡೆಯುವ ಶಕ್ತಿ ಇರುವುದಿಲ್ಲ. ಅದರ ಗಷ್ಟು ಕೆಳಗೇ ಉಳಿಯುವಂತೆ ನಿಧಾನವಾಗಿ ಬಗ್ಗಿಸಿ ಕುಡಿದುಬಿಡಿ.

ಕೊಡಗಿಂದ ತಂದ ಹೋಂ ಮೇಡ್ ವೈನು, ಕ್ರಿಸ್‌ಮಸ್‌ಗೆ ಪಕ್ಕದ ಮನೆ ಆಂಟಿ ಕೊಡೋ ವೈನು ಇದೇ ಲೆಕ್ಕಕ್ಕಾ?

ಬೇರೆ ಲೆಕ್ಕ. ದ್ರಾಕ್ಷಿ, ಸಕ್ಕರೆ, ಲವಂಗ, ಒಂದು ಹಿಡಿ ಗೋಧಿ ಹಾಕಿ ಭರಣಿಯಲ್ಲಿ ಮುಚ್ಚಿಟ್ಟು ಮಾಡುವ ಆಂಟಿಯ ವೈನ್ ಹಬ್ಬದ ತಿಂಡಿ ತಟ್ಟೆಯ ಭಾಗ. ಕೇಕ್ ಜೊತೆ ಅದೇ ಚೆಂದ. ಅದನ್ನು ಶಿರಾಜ್ ಜೊತೆ ಹೋಲಿಸುವುದು ಅನ್ಯಾಯ. ಮಡಿಕೇರಿಯ ಅಂಗಡಿಗಳ ಬಾಟಲಿ ವಿಚಾರಕ್ಕೆ ಬಂದರೆ ಹಣ್ಣು ಎಷ್ಟು, ಸಕ್ಕರೆ ಪಾಕ ಎಷ್ಟು ಅಂತ ಕೇಳಿ. ಲೇಬಲ್ ಇಲ್ಲದ್ದು, ಆಲ್ಕೋಹಾಲ್ ಪ್ರಮಾಣ ಬರೆಯದ್ದು ಬೇಡ. ಲೈಸೆನ್ಸ್ ಇಲ್ಲದೆ ಮಾಡಿ ಮಾರುವುದು ಅಪರಾಧ ಕೂಡ.

ಲೇಬಲ್ ಮೇಲೆ ‘ರಿಸರ್ವ್’ ಅಂತಿದ್ರೆ ಜಾಸ್ತಿ ಕೊಡಬಹುದಾ?

ಸ್ಪೇನ್‌ನ ‘ರಿಸರ್ವಾ’ ರೆಡ್‌ಗೆ ಕಾನೂನೇ ಇದೆ: ಕನಿಷ್ಠ ಮೂರು ವರ್ಷ ಹಳೆಯದಾಗಿರಬೇಕು, ಅದರಲ್ಲಿ ಒಂದು ವರ್ಷ ಓಕ್‌ನಲ್ಲಿ. ಎಲ್ಲ ದೇಶದಲ್ಲೂ ಇಂಥ ಕಟ್ಟುಪಾಡಿಲ್ಲ. ಆ ಪದಕ್ಕಲ್ಲ, ಹಿಂದಿನ ಲೇಬಲ್ಲಿನಲ್ಲಿ ಎಷ್ಟು ತಿಂಗಳು ಓಕ್ ಅಂತ ಬರೆದಿದ್ದರೆ ಅದಕ್ಕೆ ದುಡ್ಡು ಕೊಡಿ.

ನಮ್ಮದು ಮಂಡ್ಯದ ಕಡೆ ಜಮೀನು. ಕಬ್ಬು ಬಿಟ್ಟು ವೈನ್ ದ್ರಾಕ್ಷಿ ಹಾಕಿದ್ರೆ?

ನಾಲೆಯ ಕೆಳಗಿನ ಗದ್ದೆ ಬಯಲಾದರೆ ಯೋಚನೆಯೇ ಬೇಡ. ದ್ರಾಕ್ಷಿ ಬೇರಿಗೆ ನಿಂತ ನೀರು ಆಗುವುದಿಲ್ಲ. ನಾಗಮಂಗಲದ ಕಡೆಯ ಒಣ ಕೆಂಪು ಭೂಮಿ, ಇಳಿಜಾರು, ಹನಿ ನೀರಾವರಿ ಇದ್ದರೆ ಮಾತಾಡಬಹುದು. ಡಾಗ್‌ರಿಡ್ಜ್‌ನಂಥ ಗಟ್ಟಿ ಬೇರಿನ ಗಿಡಕ್ಕೆ ಕಸಿ ಕಟ್ಟಿದ ಸಸಿ, ಕಂಬ, ತಂತಿ, ಬೂದಿರೋಗಕ್ಕೆ ಔಷಧಿ, ಎಲ್ಲಕ್ಕೂ ಮೊದಲೇ ಬಂಡವಾಳ ಬೇಕು. ಒಳ್ಳೆ ಫಸಲು ಬರಲು ಎರಡು ಮೂರು ವರ್ಷ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ವೈನರಿಗಳು ಹೆಚ್ಚಿದವು, ರೈತರ ಜೊತೆ ಒಪ್ಪಂದ ಮಾಡಿಕೊಂಡು ಬೆಳೆಸುವುದೂ ಇದೆ. ಆದರೆ ವೈನ್ ದ್ರಾಕ್ಷಿ ತಿನ್ನುವ ದ್ರಾಕ್ಷಿಯ ಹಾಗೆ ಸಂತೆಯಲ್ಲಿ ಹೋಗುವುದಿಲ್ಲ. ಅದನ್ನು ಕೊಳ್ಳುವುದು ವೈನರಿ ಮಾತ್ರ. ಹಣ್ಣಿನ ಸಕ್ಕರೆ ಎಷ್ಟಿರಬೇಕು, ಸಾಗಣೆ ಯಾರ ಖರ್ಚು, ಮಳೆ ಬಂದು ಕೆಟ್ಟರೆ ಯಾರ ನಷ್ಟ ಅನ್ನುವುದೆಲ್ಲ ಬರವಣಿಗೆಯಲ್ಲಿ ಬರುವವರೆಗೆ ಕಬ್ಬು ಕೀಳಬೇಡಿ. ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಮಣ್ಣು ಪರೀಕ್ಷೆಯ ರಿಪೋರ್ಟ್ ಹಿಡಿದುಕೊಂಡೇ ಹೋಗಿ.